ದೋಣಿಗೆ ಯಂತ್ರವನ್ನು ಕಟ್ಟಿದ ಓಲೆ ಎವಿನ್‌ರೂಡ್

ಉಗಿಬಂಡಿಯೆಂದೊಡನೆ ಸ್ಟೀವನ್‌ಸನ್ನನ ಹೆಸರೂ, ವಿದ್ಯುದ್ದೀಪವೆಂದೊಡನೆ ಎಡಿಸನ್ನನ ಹೆಸರೂ, ವಿಮಾನವೆಂದೊಡನೆ ರೈಟ್ ಸೋದರರ ಹೆಸರೂ ನಮ್ಮ ವಿದ್ಯಾರ್ಥಿಗಳ ನಾಲಗೆಗೆ ತಾವಾಗಿಯೇ ಬರುತ್ತವೆ. ಆದರೆ ಸಣ್ಣ ದೋಣಿಯ ಹಿಂದಿನ ಹಲಗೆಯನ್ನು ಹೊರಗಿನಿಂದ ಕಚ್ಚಿಕೊಂಡು, ನೀರನ್ನು ಹಿಂದಕ್ಕೆ ತಳ್ಳುತ್ತ ದೋಣಿಯನ್ನು ಮುಂದಕ್ಕೆ ಒಯ್ಯುವ ಔಟ್‌ಬೋರ್ಡ್ ಯಂತ್ರವನ್ನು ಜನಸಾಮಾನ್ಯರ ಕೈಗೆ ಒದಗಿಸಿಕೊಟ್ಟವನು ಯಾರೆಂದು ಕೇಳಿದರೆ ತರಗತಿಯಲ್ಲಿ ಮೌನವೇ ಉತ್ತರವಾಗುತ್ತದೆ. ದೋಣಿಗಾರರ ಲೋಕದಲ್ಲಿ ಮಾತ್ರ ಆ ಹೆಸರು ಮನೆಮಾತು. ಆತನೇ ಓಲೆ ಎವಿನ್‌ರೂಡ್.

ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರ ಹಿರಿಯರು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳ ಕರಾವಳಿಯಿಂದ ಈ ಮುಂಬಯಿಗೆ ಬಂದವರು. ರಜೆಯಲ್ಲಿ ಊರಿಗೆ ಹೋದಾಗ ನಾಡದೋಣಿಗಳ ಹಿಂಬದಿಯಲ್ಲಿ ಈ ಯಂತ್ರವು ತೂಗಿಕೊಂಡಿರುವುದನ್ನು ಅವರು ಕಂಡಿರಬಹುದು. ಅದನ್ನು ಹಿಡಿದು ಕುಳಿತ ಮೀನುಗಾರನು ಹುಟ್ಟು ಹಾಕುವುದಿಲ್ಲ, ಪ್ರತ್ಯೇಕವಾಗಿ ಚುಕ್ಕಾಣಿಯನ್ನೂ ತಿರುಗಿಸುವುದಿಲ್ಲ. ಒಂದೇ ಹಿಡಿಯಿಂದ ದೋಣಿಗೆ ಬಲವನ್ನೂ ದಿಕ್ಕನ್ನೂ ಕೊಡುತ್ತಾನೆ. ಈ ಸೌಕರ್ಯದ ಹಿಂದೆ ಒಬ್ಬ ಬಡ ರೈತನ ಮಗನ ದುಡಿಮೆಯೂ, ಆತನ ಮಡದಿಯ ಜಾಣ್ಮೆಯೂ ಅಡಗಿವೆ. ಆ ದಂಪತಿಗಳ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಬಯಸುತ್ತೇವೆ.

ಓಲೆ ಎವಿನ್‌ರೂಡನು 1877ನೆಯ ಇಸವಿ ಏಪ್ರಿಲ್ 19ರಂದು ನಾರ್ವೆ ದೇಶದ ಒಂದು ಹಳ್ಳಿಯಲ್ಲಿ ಜನಿಸಿದನು. ಆತನಿಗೆ ಸುಮಾರು ಐದು ವರ್ಷ ತುಂಬುವಾಗ ತಂದೆತಾಯಿಗಳು ಹೊಟ್ಟೆಪಾಡಿಗಾಗಿ ತಾಯ್ನಾಡನ್ನು ಬಿಟ್ಟು ಅಮೆರಿಕೆಗೆ ವಲಸೆ ಹೋದರು. ವಿಸ್ಕಾನ್ಸಿನ್ ಸಂಸ್ಥಾನದ ಕೇಂಬ್ರಿಜ್ ಎಂಬ ಊರಿನ ಬಳಿ, ರಿಪ್ಲಿ ಸರೋವರದ ಸಮೀಪದಲ್ಲಿ ಬೇಸಾಯಕ್ಕೆ ನಿಂತರು. ಮನೆಯ ಮಾತೊಂದು, ಬೀದಿಯ ಮಾತೊಂದು ಆಗಿರುವ ಪರಿಸರದಲ್ಲಿ ಬೆಳೆಯುವುದು ಎಂತಹುದೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ನಾವು ವಿವರಿಸಬೇಕಾಗಿಲ್ಲ. ಓಲೆಯು ಹಾಗೆಯೇ ಬೆಳೆದನು. ಶಾಲೆಯ ವಿದ್ಯೆ ಆತನಿಗೆ ಹೆಚ್ಚಾಗಿ ದೊರೆಯಲಿಲ್ಲ. ಹೊಲದ ಕೆಲಸವೇ ಮೊದಲಾಯಿತು.

ಹೊಲದ ಅಂಚಿನಲ್ಲಿದ್ದ ಸರೋವರವು ಬಾಲಕನ ಮನಸ್ಸನ್ನು ಸೆಳೆಯಿತು. ತಾನೊಂದು ಹಾಯಿದೋಣಿಯನ್ನು ಕಟ್ಟಬೇಕೆಂದು ಆತನು ಗುಟ್ಟಾಗಿ ಮರವನ್ನು ಕೊರೆಯತೊಡಗಿದನು. ಬೇಸಾಯವನ್ನು ಬಿಟ್ಟು ಮಗನು ಹೀಗೆ ಹೊತ್ತು ಕಳೆಯುವುದು ತಂದೆಗೆ ಹಿಡಿಸಲಿಲ್ಲ. ಕೊರೆದಿಟ್ಟ ಮರದ ಭಾಗಗಳನ್ನು ತಂದೆಯು ಸುಟ್ಟುಹಾಕಿದನೆಂದೂ, ಮಗನು ಎದೆಗುಂದದೆ ಮರಳಿ ಅವನ್ನೆಲ್ಲ ಮಾಡಿ ದೋಣಿಯನ್ನು ನೀರಿಗಿಳಿಸಿದನೆಂದೂ ಆತನ ಜೀವನವನ್ನು ಬರೆದವರು ಹೇಳುತ್ತಾರೆ. ನೀರಿನ ಮೇಲೆ ತೇಲುವ ದೋಣಿಯನ್ನು ಕಂಡ ಮೇಲೆ ಈ ಹುಡುಗನ ಕೈ ನೇಗಿಲಿಗಾಗಿ ಹುಟ್ಟಿದುದಲ್ಲವೆಂಬುದು ಮನೆಯವರಿಗೆ ತಿಳಿಯಿತು.

ಹದಿನಾರನೆಯ ವಯಸ್ಸಿನಲ್ಲಿ ಓಲೆಯು ಮನೆಯನ್ನು ಬಿಟ್ಟು ಮ್ಯಾಡಿಸನ್ ಪಟ್ಟಣಕ್ಕೆ ಹೋಗಿ ಬೇಸಾಯದ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದನು. ಹಗಲು ಕಾರ್ಖಾನೆ, ಇರುಳು ಓದು. ಗಣಿತವನ್ನೂ ಯಂತ್ರಶಾಸ್ತ್ರವನ್ನೂ ಗುರುವಿನ ನೆರವಿಲ್ಲದೆ ಪುಸ್ತಕಗಳಿಂದಲೇ ಕಲಿತನು. ಬಳಿಕ ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆಗಳಲ್ಲಿಯೂ ಷಿಕಾಗೋ ನಗರದಲ್ಲಿಯೂ ದುಡಿದು, ಕೊನೆಗೆ ಮಿಲ್ವಾಕಿ ನಗರಕ್ಕೆ ಬಂದು ನೆಲೆಸಿದನು. ಲೋಹವನ್ನು ಎರಕ ಹೊಯ್ಯುವ ಮೊದಲು ಮರದಲ್ಲಿ ಅದರ ಮಾದರಿಯನ್ನು ತಯಾರಿಸಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಯಂತ್ರದ ಭಾಗಗಳು ಒಂದಕ್ಕೊಂದು ಹೊಂದುವುದಿಲ್ಲ. ಇಂತಹ ಮಾದರಿಗಳನ್ನು ಮಾಡುವುದರಲ್ಲಿ ಓಲೆಯು ನುರಿತವನಾದನು. ತಾನೇ ಒಂದು ಕಾರ್ಯಾಗಾರವನ್ನು ತೆರೆದನು. ಆಗ ಪೆಟ್ರೋಲ್ ಯಂತ್ರಗಳ ಹೊಸ ಯುಗ. ಆತನಿಗೂ ಅದರ ಹುಚ್ಚು ಹಿಡಿಯಿತು. ಆದರೆ ಒಬ್ಬೊಬ್ಬರೊಡನೆ ಸೇರಿ ಹೂಡಿದ ಪಾಲುದಾರಿಕೆಗಳು ಒಂದೊಂದಾಗಿ ಮುರಿದುಬಿದ್ದವು. ಕೈಯಲ್ಲಿ ಕೌಶಲವಿದ್ದರೂ ವ್ಯವಹಾರಕ್ಕೆ ದಿಕ್ಕು ತೋರಿಸುವವರಿರಲಿಲ್ಲ.

ಆ ದಿಕ್ಕು ನೆರೆಮನೆಯಿಂದಲೇ ಬಂದಿತು. ಬೆಸ್ ಕೇರಿ ಎಂಬ ತರುಣಿಯು ವಾಣಿಜ್ಯ ವಿದ್ಯೆಯನ್ನು ಕಲಿಯುತ್ತಿದ್ದಳು. ಮಾತು ಕಡಿಮೆ, ಕೆಲಸ ಹೆಚ್ಚು ಎಂಬಂತಿದ್ದ ಓಲೆಗೆ ಆಕೆಯು ಲೆಕ್ಕಪತ್ರಗಳಲ್ಲಿ ನೆರವಾದಳು, ವ್ಯವಹಾರದ ಕಾಗದಗಳನ್ನು ಬರೆದುಕೊಟ್ಟಳು. ಪರಿಚಯವು ಪ್ರೀತಿಯಾಗಿ, 1906ರಲ್ಲಿ ಇಬ್ಬರ ವಿವಾಹವೂ ನಡೆಯಿತು. ನಮ್ಮ ನುಡಿಯಲ್ಲಿ ಓಲೆಯೆಂದರೆ ಕಾಗದವೆಂಬ ಅರ್ಥವೂ ಉಂಟಷ್ಟೆ. ಈ ಓಲೆಯ ಭಾಗ್ಯವನ್ನು ತೆರೆದುದು ಮಡದಿಯು ಬರೆದ ಓಲೆಗಳೇ ಎಂದರೆ ತಪ್ಪಾಗದು.

ಅದೇ ವರ್ಷದ ಬೇಸಗೆಯಲ್ಲಿ ನಡೆದುದೆಂದು ಒಂದು ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಗೆಳೆಯರೊಡನೆ ಇವರಿಬ್ಬರೂ ಓಕಾಚಿ ಎಂಬ ಸರೋವರದ ನಡುಗಡ್ಡೆಗೆ ವನಭೋಜನಕ್ಕೆ ಹೋಗಿದ್ದರು. ಬಿಸಿಲು ಬೆಂಕಿಯಂತಿತ್ತು. ಬೆಸ್ ಐಸ್‌ಕ್ರೀಮನ್ನು ಬಯಸಿದಳು. ಓಲೆಯು ಹುಟ್ಟು ಹಾಕುತ್ತ ಎರಡು ಮೈಲಿಗೂ ಹೆಚ್ಚು ದೂರದ ದಡಕ್ಕೆ ಹೋಗಿ ಅದನ್ನು ಕೊಂಡು, ಮತ್ತೆ ಹುಟ್ಟು ಹಾಕುತ್ತ ಹಿಂದಿರುಗಿದನು. ತೋಳುಗಳು ಸೋತವು. ತಂದ ಐಸ್‌ಕ್ರೀಮು ದಾರಿಯಲ್ಲಿಯೇ ಕರಗಿ ನೀರಾಗಿತ್ತು. ಮೋಟಾರು ಬಂಡಿಗೆ ಯಂತ್ರವಿರುವಾಗ ಈ ಪುಟ್ಟ ದೋಣಿಗೇಕೆ ಇರಬಾರದೆಂಬ ಯೋಚನೆ ಆತನಲ್ಲಿ ಅಂದೇ ಮೊಳೆಯಿತಂತೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಂತಹ ಯಂತ್ರವನ್ನು ಕುರಿತು ಯೋಚಿಸಿದವರಲ್ಲಿ ಎವಿನ್‌ರೂಡನು ಮೊದಲಿಗನಲ್ಲ. ಫ್ರಾನ್ಸಿನ ಗುಸ್ತಾವ್ ತ್ರೂವೆ ಎಂಬಾತನು 1881ರಷ್ಟು ಹಿಂದೆಯೇ ಪ್ಯಾರಿಸಿನಲ್ಲಿ ವಿದ್ಯುತ್ತಿನಿಂದ ಓಡುವ, ಬಿಚ್ಚಿ ತೆಗೆಯಬಹುದಾದ ಯಂತ್ರವನ್ನು ದೋಣಿಗೆ ಕಟ್ಟಿದ್ದನು. ಅಮೆರಿಕೆಯಲ್ಲಿಯೇ ಕ್ಯಾಮೆರಾನ್ ವಾಟರ್‌ಮನ್ ಎಂಬಾತನು ಎವಿನ್‌ರೂಡನಿಗಿಂತ ಮೊದಲು ಪೆಟ್ರೋಲ್ ಯಂತ್ರವನ್ನು ಮಾರಾಟಕ್ಕೆ ತಂದಿದ್ದನು. ಆದರೂ ನಂಬಿಕೆಗೆ ಅರ್ಹವಾದ, ಸಾಮಾನ್ಯನು ಕೊಂಡು ಬಳಸಬಹುದಾದ ಯಂತ್ರವನ್ನು ವಿಪುಲವಾಗಿ ತಯಾರಿಸಿ ಊರೂರಿಗೆ ಮುಟ್ಟಿಸಿದ ಕೀರ್ತಿ ಎವಿನ್‌ರೂಡನದು.

ಆತನ ಯಂತ್ರದ ರಚನೆಯನ್ನು ಸ್ವಲ್ಪ ನೋಡೋಣ. ಮೇಲ್ಗಡೆ ಅಡ್ಡವಾಗಿ ಮಲಗಿದ ಒಂದೇ ಸಿಲಿಂಡರು. ಅದರ ನೆತ್ತಿಯ ಮೇಲೆ ಭಾರವಾದ ಒಂದು ಚಕ್ರ. ಚಕ್ರಕ್ಕಿದ್ದ ಹಿಡಿಯನ್ನು ಹಿಡಿದು ರಭಸದಿಂದ ತಿರುಗಿಸಿದರೆ ಯಂತ್ರವು ಎಚ್ಚರಗೊಳ್ಳುವುದು. ಅಲ್ಲಿಂದ ಕೆಳಕ್ಕೆ ನೆಟ್ಟಗೆ ಇಳಿಯುವ ಒಂದು ಸರಳು. ನೀರಿನೊಳಗೆ ಹಲ್ಲಿನ ಚಕ್ರಗಳ ಒಂದು ಜೋಡಿ ಆ ತಿರುಗುವಿಕೆಯನ್ನು ಮೂಲೆಮಟ್ಟಕ್ಕೆ ಹೊರಳಿಸಿ ಪ್ರೊಪೆಲರನ್ನು, ಎಂದರೆ ನೀರನ್ನು ತಳ್ಳುವ ರೆಕ್ಕೆಗಳನ್ನು, ತಿರುಗಿಸುವುದು. ಇಡೀ ಯಂತ್ರವನ್ನು ದೋಣಿಯ ಹಲಗೆಗೆ ತಿರುಪುಗಳಿಂದ ಬಿಗಿಯಲಾಗುತ್ತಿತ್ತು. ಹಿಡಿಯನ್ನು ಅತ್ತಿತ್ತ ಸರಿಸಿದರೆ ಅದು ಎಡಕ್ಕೋ ಬಲಕ್ಕೋ ಹೊರಳುತ್ತಿತ್ತು. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ತಿರುಗುವುದು, ಬಲಕ್ಕೆ ತಳ್ಳಿದರೆ ಎಡಕ್ಕೆ. ಹೊಸಬರಿಗೆ ಇದು ತಲೆಕೆಳಗಾದ ಲೆಕ್ಕವೆಂದು ತೋರಿದರೂ ಅರ್ಧ ಗಂಟೆಯ ಅಭ್ಯಾಸದಲ್ಲಿ ಕೈಗೆ ಒಗ್ಗುತ್ತದೆ. ಯಂತ್ರದ ಶಕ್ತಿ ಒಂದೂವರೆ ಅಶ್ವಶಕ್ತಿ, ತೂಕ 62 ಪೌಂಡು, ಬೆಲೆಯೂ 62 ಡಾಲರು.

ಆರಂಭದ ಮಾದರಿಯನ್ನು ಕಂಡ ಬೆಸ್, ಇದೇನು ಕಾಫಿ ಬೀಜವನ್ನು ಪುಡಿಮಾಡುವ ಯಂತ್ರದಂತಿದೆಯಲ್ಲ ಎಂದು ನಕ್ಕಳಂತೆ. ಗಂಡನು ಸಿಟ್ಟಾಗಲಿಲ್ಲ, ಮತ್ತೆ ತಿದ್ದಿದನು. ಸುಧಾರಿಸಿದ ಯಂತ್ರವನ್ನು 1909ರಲ್ಲಿ ಒಬ್ಬ ಗೆಳೆಯನು ಎರವಲಾಗಿ ಕೊಂಡುಹೋಗಿ, ಹಿಂದಿರುಗುವಾಗ ಹತ್ತು ಯಂತ್ರಗಳಿಗೆ ಬೇಡಿಕೆಯನ್ನೂ ಹಣವನ್ನೂ ತಂದನು. ಅದೇ ವರ್ಷ ಮಿಲ್ವಾಕಿಯಲ್ಲಿ ಎವಿನ್‌ರೂಡ್ ಕಂಪನಿಯು ಆರಂಭವಾಯಿತು. 1911ರಲ್ಲಿ ಯಂತ್ರಕ್ಕೆ ಪೇಟೆಂಟು ದೊರೆಯಿತು. ಹುಟ್ಟುಗಳನ್ನು ಎಸೆದುಬಿಡಿರೆಂಬ ಅರ್ಥದ ಜಾಹೀರಾತನ್ನು ಬೆಸ್ ತಾನೇ ಬರೆದು ಪತ್ರಿಕೆಗೆ ಕಳುಹಿಸಿದಳು. ಕಾಗದಗಳು ರಾಶಿರಾಶಿಯಾಗಿ ಬಂದವು. ಆಕೆಯು ಹೊರದೇಶಗಳ ವ್ಯಾಪಾರಿಗಳೊಡನೆಯೂ ಪತ್ರವ್ಯವಹಾರ ನಡೆಸಿದಳು. ಓಲೆಯು ಹುಟ್ಟಿದ ನಾಡಿನ ಸುತ್ತಣ ಸ್ಕ್ಯಾಂಡಿನೇವಿಯದ ಮೀನುಗಾರರು ಈ ಯಂತ್ರವನ್ನು ಸಾವಿರಗಟ್ಟಲೆಯಾಗಿ ಕೊಂಡರು. ಬಡತನದಿಂದ ಕಡಲು ದಾಟಿ ಹೋದ ಬಾಲಕನು ಯಂತ್ರದ ರೂಪದಲ್ಲಿ ತಾಯ್ನಾಡಿಗೆ ಹಿಂದಿರುಗಿದಂತಾಯಿತು.

ಬಂಡವಾಳವು ಸಾಲದೆ ಬಂದಾಗ ಕ್ರಿಸ್ ಮೇಯರ್ ಎಂಬ ವ್ಯಾಪಾರಿಯು ಹಣ ಹೂಡಿ ಅರ್ಧಪಾಲು ಪಡೆದಿದ್ದನು. ಕಾರ್ಖಾನೆಯು ದಿನದಿಂದ ದಿನಕ್ಕೆ ಬೆಳೆಯಿತು. ಆದರೆ ಹಗಲಿರುಳು ದುಡಿದ ಬೆಸ್‌ಳ ಆರೋಗ್ಯವು ಕುಸಿಯತೊಡಗಿತು. ಒಂದು ಕಡೆ ಏಳಿಗೆಯ ಶಿಖರದಲ್ಲಿರುವ, ತನ್ನದೇ ಹೆಸರನ್ನು ಹೊತ್ತ ಉದ್ಯಮ. ಇನ್ನೊಂದು ಕಡೆ ಸೊರಗುತ್ತಿರುವ ಮಡದಿ. ಎವಿನ್‌ರೂಡನು ಹಿಂದೆಮುಂದೆ ನೋಡಲಿಲ್ಲ. 1914ರ ವೇಳೆಗೆ ತನ್ನ ಪಾಲನ್ನೆಲ್ಲ ಮೇಯರನಿಗೆ ಮಾರಿ, ಐದು ವರ್ಷಗಳ ಕಾಲ ಈ ವ್ಯಾಪಾರಕ್ಕೆ ಕೈಹಾಕುವುದಿಲ್ಲವೆಂದು ಒಪ್ಪಂದ ಬರೆದುಕೊಟ್ಟನು. ಮಡದಿಯನ್ನೂ, ಚಿಕ್ಕ ಮಗನಾದ ರಾಲ್ಫನನ್ನೂ ಕರೆದುಕೊಂಡು ದೇಶಸಂಚಾರಕ್ಕೆ ಹೊರಟುಬಿಟ್ಟನು. ಹೊಸ ಹೊಸ ಯೋಚನೆಗಳು ತಲೆಯಲ್ಲಿ ಕುದಿಯುತ್ತಿದ್ದರೂ ಕೊಟ್ಟ ಮಾತಿನ ಅವಧಿ ಮುಗಿಯುವವರೆಗೆ ಒಂದು ಯಂತ್ರವನ್ನೂ ಮಾರುಕಟ್ಟೆಗೆ ತರಲಿಲ್ಲ. ಆತನ ಬದುಕಿನಲ್ಲಿ ನಾವು ಎಲ್ಲಕ್ಕಿಂತ ಮಿಗಿಲಾಗಿ ಗೌರವಿಸುವುದು ಈ ಐದು ವರ್ಷಗಳ ಸಂಯಮವನ್ನು.

ಬೆಸ್ ಚೇತರಿಸಿಕೊಂಡಳು. ಅವಧಿಯೂ ಮುಗಿಯಿತು. ಆ ವೇಳೆಗೆ ಎವಿನ್‌ರೂಡನು ಎರಡು ಸಿಲಿಂಡರುಗಳ ಹೊಸ ಯಂತ್ರವನ್ನು ರೂಪಿಸಿದ್ದನು. ಅಲ್ಯೂಮಿನಿಯಮನ್ನು ಧಾರಾಳವಾಗಿ ಬಳಸಿದುದರಿಂದ ಅದರ ತೂಕವು 50 ಪೌಂಡಿಗಿಂತಲೂ ಕಡಿಮೆಯಾಯಿತು. ಶಕ್ತಿಯಾದರೋ ಮೂರು ಅಶ್ವಶಕ್ತಿ, ಹಳೆಯದರ ಇಮ್ಮಡಿ. ನ್ಯಾಯವಾಗಿ ಮೊದಲು ಮೇಯರನಿಗೇ ಅದನ್ನು ತೋರಿಸಿದನು. ಮೇಯರನು ಒಲ್ಲೆನೆಂದನು. ಆಗ ದಂಪತಿಗಳು 1921ರಲ್ಲಿ ಹೊಸ ಕಂಪನಿಯನ್ನೇ ಕಟ್ಟಿದರು. ತನ್ನದೇ ಹೆಸರನ್ನು ಮಾರಿಕೊಂಡಿದ್ದವನು ಅದನ್ನು ಮತ್ತೆ ಬಳಸುವಂತಿರಲಿಲ್ಲ. ಬೆಸ್ ಎಲ್ಟೋ ಎಂಬ ಪುಟ್ಟ ಹೆಸರನ್ನು ಸೃಷ್ಟಿಸಿದಳು. ಎಲ್ಟೋ ಯಂತ್ರದ ಮೊದಲ ಮಾದರಿಗಳಲ್ಲಿ ಕೆಳಭಾಗದಲ್ಲಿಯೇ ಒಂದು ಕಿರುಚುಕ್ಕಾಣಿಯನ್ನು ಅಳವಡಿಸಲಾಗಿತ್ತು. ದೋಣಿಗೆ ದಿಕ್ಕು ಕೊಡುವ ಉತ್ತಮ ವಿಧಾನ ಯಾವುದೆಂಬ ಹುಡುಕಾಟವನ್ನು ಎವಿನ್‌ರೂಡನು ನಿಲ್ಲಿಸಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ. 1928ರಲ್ಲಿ ನಾಲ್ಕು ಸಿಲಿಂಡರುಗಳ ಯಂತ್ರವೂ ಹೊರಬಂದಿತು.

1929ರಲ್ಲಿ ಒಂದು ವಿಶೇಷ ಸಂಗತಿ ಜರುಗಿತು. ಎಲ್ಟೋ, ಲಾಕ್‌ವುಡ್ ಮತ್ತು ಅಷ್ಟರಲ್ಲಿ ಬೇರೆಯವರ ಕೈಸೇರಿದ್ದ ಹಳೆಯ ಎವಿನ್‌ರೂಡ್ ಕಂಪನಿ, ಈ ಮೂರೂ ಒಂದಾಗಿ, ಓಲೆಯೇ ಅದರ ಅಧ್ಯಕ್ಷನಾದನು. ಹದಿನೈದು ವರ್ಷಗಳ ಬಳಿಕ ಆತನ ಹೆಸರು ಆತನಿಗೆ ಮರಳಿ ದೊರೆಯಿತು. ಆದರೆ ಅದೇ ವರ್ಷದ ಕೊನೆಯಲ್ಲಿ ಅಮೆರಿಕೆಯನ್ನು ಮಹಾ ಆರ್ಥಿಕ ಕುಸಿತವು ಬಡಿಯಿತು. ವಿಹಾರದ ದೋಣಿಗಳನ್ನು ಕೊಳ್ಳುವವರು ವಿರಳರಾದರು. ಆ ಕಷ್ಟದ ದಿನಗಳಲ್ಲಿಯೇ, 1933ರಲ್ಲಿ, ಬೆಸ್ ತೀರಿಕೊಂಡಳು. ಒಂಟಿಯಾದ ಓಲೆಯು ಮರುವರ್ಷ, 1934ರ ಜುಲೈ 12ರಂದು, ತನ್ನ 57ನೆಯ ವಯಸ್ಸಿನಲ್ಲಿ ಮಿಲ್ವಾಕಿಯಲ್ಲಿ ಕಣ್ಣು ಮುಚ್ಚಿದನು. ಉದ್ಯಮದ ಹೊಣೆಯನ್ನು ಮಗ ರಾಲ್ಫನು ಹೊತ್ತನು.

ಎವಿನ್‌ರೂಡನ ತರುವಾಯ ಆತನ ಯಂತ್ರದ ಕಥೆ ಇನ್ನೂ ರೋಚಕವಾಯಿತು. ದೋಣಿಗಳು ದೊಡ್ಡವಾದಂತೆ ಒಂದು ಯಂತ್ರವು ಸಾಲದಾಗಿ, ಒಂದೇ ಹಲಗೆಗೆ ಎರಡು ಯಂತ್ರಗಳನ್ನು ಪಕ್ಕಪಕ್ಕದಲ್ಲಿ ಬಿಗಿಯುವ ರೂಢಿ ಬೆಳೆಯಿತು. ಈಗ ಮೂರು, ನಾಲ್ಕು, ಕೆಲವೊಮ್ಮೆ ಆರು ಯಂತ್ರಗಳನ್ನು ಹೊತ್ತ ದೋಣಿಗಳೂ ಉಂಟು. ಒಂದು ಬಂಡಿಗೆ ಕಟ್ಟಿದ ಎತ್ತುಗಳು ತಲಾ ಒಂದೊಂದು ದಿಕ್ಕಿಗೆ ಎಳೆದರೆ ಏನಾದೀತು? ಹಾಗಾಗದಂತೆ ಅನೇಕ ಯಂತ್ರಗಳನ್ನು ನಿಯಂತ್ರಿಸುವ ವಿಧಾನವನ್ನು ತಿಳಿಯುವುದು ಸ್ವಾರಸ್ಯಕರ.

ಮೊದಲನೆಯದಾಗಿ, ಎರಡು ಯಂತ್ರಗಳನ್ನು ಒಂದು ಲೋಹದ ಸರಳಿನಿಂದ ಜೋಡಿಸುತ್ತಾರೆ. ಚಾಲಕನು ಚಕ್ರವನ್ನು ತಿರುಗಿಸಿದಾಗ ಎರಡೂ ಒಟ್ಟಿಗೆ ಹೊರಳುತ್ತವೆ. ಎರಡನೆಯದಾಗಿ, ಪ್ರೊಪೆಲರುಗಳು ವಿರುದ್ಧ ದಿಕ್ಕಿನಲ್ಲಿ ಸುತ್ತುವಂತೆ ಮಾಡುತ್ತಾರೆ. ತಿರುಗುವ ಪ್ರೊಪೆಲರು ದೋಣಿಯನ್ನು ಮುಂದಕ್ಕೆ ತಳ್ಳುವುದರ ಜೊತೆಗೆ ಕೊಂಚ ಪಕ್ಕಕ್ಕೂ ಎಳೆಯುತ್ತದೆ. ಒಂದು ಬಲಸುತ್ತಾಗಿ, ಇನ್ನೊಂದು ಎಡಸುತ್ತಾಗಿ ತಿರುಗಿದರೆ ಈ ಎಳೆತಗಳು ಒಂದನ್ನೊಂದು ಅಳಿಸಿಹಾಕುತ್ತವೆ. ದೋಣಿಯು ನೇರವಾಗಿ ಸಾಗುತ್ತದೆ. ಮೂರನೆಯದಾಗಿ, ಪ್ರತಿಯೊಂದು ಯಂತ್ರಕ್ಕೂ ಪ್ರತ್ಯೇಕ ಸನ್ನೆಯಿರುತ್ತದೆ. ಬಲಗಡೆಯ ಯಂತ್ರಕ್ಕೆ ಹೆಚ್ಚು ಬಲ ಕೊಟ್ಟರೆ ದೋಣಿಯ ಮೂತಿ ಎಡಕ್ಕೆ ಹೊರಳುತ್ತದೆ. ಇನ್ನೂ ಮುಂದುವರಿದು ಬಲಗಡೆಯದನ್ನು ಮುಂದಕ್ಕೂ ಎಡಗಡೆಯದನ್ನು ಹಿಂದಕ್ಕೂ ನಡೆಸಿದರೆ ದೋಣಿಯು ನಿಂತಲ್ಲಿಯೇ ಬುಗುರಿಯಂತೆ ಸುತ್ತುತ್ತದೆ. ಇಕ್ಕಟ್ಟಾದ ಬಂದರಿನಲ್ಲಿ ನುರಿತ ಚಾಲಕನು ಚಕ್ರವನ್ನು ನಟ್ಟನಡುವೆ ನಿಲ್ಲಿಸಿ, ವೇಗವನ್ನು ಏರಿಸದೆ, ಈ ಎರಡು ಸನ್ನೆಗಳಿಂದಲೇ ದೋಣಿಯನ್ನು ಕಟ್ಟೆಗೆ ಮೆಲ್ಲನೆ ಮುಟ್ಟಿಸುತ್ತಾನೆ. ಮೂರು ಯಂತ್ರಗಳಿದ್ದರೆ ನಡುವಣದನ್ನು ಆಗ ಸುಮ್ಮನಿರಿಸಿ ಅಂಚಿನ ಎರಡನ್ನು ಮಾತ್ರ ಬಳಸುವುದು ರೂಢಿ. ಬಲವು ಎಷ್ಟು ಹೊರಗಿನಿಂದ ಬಿದ್ದರೆ ತಿರುವು ಅಷ್ಟು ಸುಲಭ. ಬಾಗಿಲನ್ನು ತಿರುಗಣಿಯ ಹತ್ತಿರ ತಳ್ಳುವುದಕ್ಕಿಂತ ಅಂಚಿನಲ್ಲಿ ತಳ್ಳುವುದು ಹಗುರವಲ್ಲವೆ?

ನಡುಗಡಲಿನಲ್ಲಿ ಒಂದು ಯಂತ್ರವು ಕೆಟ್ಟುನಿಂತರೆ ಇನ್ನೊಂದು ದೋಣಿಯನ್ನು ದಡ ಸೇರಿಸುತ್ತದೆ. ಆದರೆ ಆಗ ದೋಣಿಯು ಕೆಟ್ಟ ಯಂತ್ರದ ಕಡೆಗೇ ವಾಲಿ ತಿರುಗಲು ಯತ್ನಿಸುತ್ತದೆ. ಚಾಲಕನು ಚಕ್ರವನ್ನು ಎದುರು ದಿಕ್ಕಿಗೆ ಹಿಡಿದು ಅದನ್ನು ಸರಿದೂಗಿಸಬೇಕು. ಇನ್ನೊಂದು ಎಚ್ಚರಿಕೆಯನ್ನೂ ಮರೆಯಬಾರದು. ಪ್ರತ್ಯೇಕ ಚುಕ್ಕಾಣಿಯಿಲ್ಲದ ಇಂತಹ ದೋಣಿಗೆ ದಿಕ್ಕು ದೊರೆಯುವುದು ಪ್ರೊಪೆಲರು ನೀರನ್ನು ತಳ್ಳುತ್ತಿರುವಷ್ಟು ಹೊತ್ತು ಮಾತ್ರ. ಎಲ್ಲ ಯಂತ್ರಗಳೂ ನಿಂತರೆ ಚಾಲಕನು ಚಕ್ರವನ್ನು ಎಷ್ಟು ತಿರುಗಿಸಿದರೂ ಹೆಚ್ಚಿನ ಪ್ರಯೋಜನವಿಲ್ಲ.

ಇಂದಿನ ದೋಣಿಗಳಲ್ಲಿ ಜೋಡಿಸುವ ಸರಳಿನ ಬದಲು ಗಣಕವು ಪ್ರತಿಯೊಂದು ಯಂತ್ರವನ್ನೂ ಬೇರೆಬೇರೆ ಕೋನಕ್ಕೆ ಹೊರಳಿಸಬಲ್ಲದು. ಚಾಲಕನು ಒಂದು ಕಿರುಗೋಲನ್ನು ಪಕ್ಕಕ್ಕೆ ಬಾಗಿಸಿದರೆ ಸಾಕು, ದೋಣಿಯು ಏಡಿಯಂತೆ ಅಡ್ಡಡ್ಡವಾಗಿ ಸರಿಯುತ್ತದೆ. ಎವಿನ್‌ರೂಡನ ಅದೇ ವಿಸ್ಕಾನ್ಸಿನ್ ಸಂಸ್ಥಾನದ ಮರ್ಕ್ಯುರಿ ಕಂಪನಿಯು 2021ರಲ್ಲಿ 600 ಅಶ್ವಶಕ್ತಿಯ ಯಂತ್ರವನ್ನು ಹೊರತಂದಿತು. ಮೊದಲಿನ ಒಂದೂವರೆ ಅಶ್ವಶಕ್ತಿಯ ನಾನೂರು ಪಟ್ಟು! ಅದರ ಮೇಲ್ಭಾಗವು ಅಲುಗದೆ ನಿಂತು, ನೀರಿನಲ್ಲಿರುವ ಕೆಳಭಾಗವಷ್ಟೆ ತಿರುಗಿ ದಿಕ್ಕು ಕೊಡುತ್ತದೆ. ಎವಿನ್‌ರೂಡ್ ಹೆಸರಿನ ಯಂತ್ರಗಳ ತಯಾರಿಕೆಯು ಮಾತ್ರ 2020ರಲ್ಲಿ ನಿಂತುಹೋಯಿತು. ಕಂಪನಿಗಳು ಹುಟ್ಟುತ್ತವೆ, ಕೈಬದಲಾಗುತ್ತವೆ, ಅಳಿಯುತ್ತವೆ. ಆದರೆ ಲೋಕದ ಯಾವ ಬಂದರಿಗೆ ಹೋದರೂ ಹಲಗೆಯನ್ನು ಕಚ್ಚಿ ಹಿಡಿದ ಆ ಯಂತ್ರವನ್ನು ಕಾಣುತ್ತೇವೆ.

ವಿದ್ಯಾರ್ಥಿಗಳೆ, ಓಲೆಯಲ್ಲಿ ಬಲವಿತ್ತು. ಬೆಸ್‌ಳಿಂದ ಅದಕ್ಕೆ ದಿಕ್ಕು ದೊರೆಯಿತು. ಒಬ್ಬರು ಬಳಲಿದಾಗ ಇನ್ನೊಬ್ಬರು ಭಾರವನ್ನು ಹೊತ್ತು ದೋಣಿಯು ಅಡ್ಡದಾರಿ ಹಿಡಿಯದಂತೆ ನೋಡಿಕೊಂಡರು. ನಿಮ್ಮಲ್ಲಿಯೂ ಬಲಕ್ಕೆ ಕೊರತೆಯಿಲ್ಲ. ಪರವೂರಿನಲ್ಲಿದ್ದು, ಎರಡು ಮೂರು ನುಡಿಗಳ ನಡುವೆ ತಾಯ್ನುಡಿಯಲ್ಲಿ ಕಲಿಯುತ್ತಿರುವ ನೀವು ಒಬ್ಬರನ್ನೊಬ್ಬರು ಬಿಟ್ಟು ಸೆಳೆದಾಡದೆ ಒಂದೇ ದಿಕ್ಕಿಗೆ ದುಡಿದರೆ ಎಂತಹ ನೀರನ್ನಾದರೂ ದಾಟಬಲ್ಲಿರಿ. ಮುಂದಿನ ರಜೆಯಲ್ಲಿ ಕಡಲ ತೀರದಲ್ಲಿ ಯಂತ್ರ ಕಟ್ಟಿದ ದೋಣಿಯನ್ನು ಕಂಡಾಗ ಅದರ ಹಿಡಿಯತ್ತ ಒಮ್ಮೆ ನೋಡಿರಿ. ಅದನ್ನು ಯಾವ ಕಡೆಗೆ ತಳ್ಳಿದರೆ ದೋಣಿ ಯಾವ ಕಡೆಗೆ ಹೊರಳುವುದೆಂಬುದನ್ನು ನಿಮ್ಮ ತಮ್ಮತಂಗಿಯರಿಗೂ ತಿಳಿಸಿಕೊಡಿರಿ.